ಹಿತ್ತಲ ಗೋಡೆಯ ಬದನೆ ಬೀಜ

ನಮ್ಮ ಬೀದಿಯ ತಿರುವಿನಲ್ಲಿ, ಹಾಲಿನ ಬೂತಿನ ಪಕ್ಕ, ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಮೇಲೆ ಎರಡು ಬಿಳಿ ಪಾರಿವಾಳ, ಕೆಳಗೆ ರಾಶಿ ಗುಲಾಬಿ, ನಡುವೆ ನಮ್ಮ ಟೀಚರಕ್ಕನ ಫೋಟೊ. ಯಾವುದೋ ಗುರುತಿನ ಚೀಟಿಯ ಪುಟ್ಟ ಫೋಟೊವನ್ನು ಹಿಗ್ಗಿಸಿದ್ದಾರೆ, ಮುಖವೆಲ್ಲ ಕದಡಿಹೋಗಿದೆ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ, ‘ಶಾಂತಮೂರ್ತಿ, ಮಿತಭಾಷಿ, ಯಾರ ಮನಸ್ಸನ್ನೂ ನೋಯಿಸದ ಹಿರಿಯ ಜೀವ ನಮ್ಮನ್ನಗಲಿದೆ.’ ಹಾಲು ತರಲು ಹೋದವಳು ಅದನ್ನು ಓದಿ ಮೊದಲು ನಕ್ಕೆ. ಆಮೇಲೆ ಮೈಯೆಲ್ಲ ಉರಿದುಹೋಯಿತು.

ಶಾಂತಮೂರ್ತಿಯಂತೆ! ಬೆಳಿಗ್ಗೆ ಎದ್ದರೆ ಅವರು ಮೊದಲು ಬೈಯುತ್ತಿದ್ದುದು ನೀರು ಬಾರದ ನಲ್ಲಿಯನ್ನು, ಆಮೇಲೆ ಪೇಪರ್ ಹಾಕುವವನನ್ನು, ಆಮೇಲೆ ನನ್ನನ್ನು. ಮಿತಭಾಷಿಯಂತೆ! ಹಿತ್ತಲಲ್ಲಿ ನಿಂತು ಮಾತಾಡಿದರೆ ಮುಖ್ಯ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪೋಣ. ಹಾಗಂತ ಬೇರೆ ಯಾರನ್ನೋ ತಂದು ಅವರ ಫೋಟೊದ ಕೆಳಗೆ ಕೂರಿಸಿದರೆ ಹೇಗೆ ಸ್ವಾಮಿ? ಆ ಮನುಷ್ಯರು ಸಾಯುವ ದಿನದವರೆಗೆ ಸಿಟ್ಟಾಗಿದ್ದರು. ಸಿಟ್ಟಾಗಲು ಕಾರಣವೂ ಇತ್ತು. ಆ ಕಾರಣ ಯಾರ ಬಾಯಲ್ಲೂ ಬರುತ್ತಿಲ್ಲ ಅಂತಲೇ ನಾನು ಇದನ್ನು ಬರೆಯಲು ಕೂತಿದ್ದು.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಮಧುಗಿರಿಯಲ್ಲಿ ಬೆಟ್ಟಕ್ಕೆ ಮುಖ ಮಾಡಿದ ಒಂದು ಬಡಾವಣೆಯಲ್ಲಿ ನಮ್ಮ ಮನೆ. ಪಕ್ಕದ ಸೈಟಿಗೆ ಟೀಚರಕ್ಕ ಬಂದದ್ದು ಅವರೂ ನಿವೃತ್ತರಾದ ಮೇಲೆ. ಹೈಸ್ಕೂಲುಗಳಲ್ಲಿ ಡ್ರಿಲ್ ಟೀಚರ್ ಆಗಿದ್ದರು. ಕೊರಟಗೆರೆ, ಶಿರಾ, ತಾವರೆಕೆರೆ, ಕೊನೆಗೆ ನಮ್ಮೂರು, ಹೀಗೆ ಸುತ್ತಿ ಬಂದವರು. ಮದುವೆ ಆಗಿರಲಿಲ್ಲ. ಪಾವಗಡ ತಾಲ್ಲೂಕು, ವಳ್ಳೂರಿನ ಪಕ್ಕದ ಒಂದು ಹಳ್ಳಿ ಅವರದು. ಮಾತಿಗೆ ಮೊದಲು ಕನ್ನಡ, ಸಿಟ್ಟು ಬಂದರೆ ಅರ್ಧ ತೆಲುಗು. ಪೂರ್ತಿ ತೆಲುಗಿಗೆ ಇಳಿದರೆ ಎದುರಿಗಿದ್ದವರು ಚಪ್ಪಲಿ ಹುಡುಕಿಕೊಳ್ಳುವುದು ಒಳ್ಳೆಯದು. ಕೆಲಸ ಬಿಟ್ಟರೂ ಕೊರಳಿನ ವಿಷಲ್ ಬಿಟ್ಟಿರಲಿಲ್ಲ. ಹಿತ್ತಲಿಗೆ ದನ ನುಗ್ಗಿದರೆ ವಿಷಲ್, ಗ್ಯಾಸಿನವನು ಮನೆ ದಾಟಿ ಹೋದರೆ ವಿಷಲ್, ಸಂಜೆ ಕಾಫಿಗೆ ನನ್ನನ್ನು ಕರೆಯಲೂ ವಿಷಲ್. ಬರುವುದು ಎರಡು ನಿಮಿಷ ತಡವಾದರೆ, “ಏನಮ್ಮ ಪೋಸ್ಟಮ್ಮ, ನೀನೂ ಸರ್ಕಾರಿ ಟಪಾಲಾಗ್ಬುಟ್ಟೆ” ಅಂತ ಮಂಗಳಾರತಿ.

ಮನೆ ಕಟ್ಟಿಸುವಾಗಲೇ ಬಡಾವಣೆಗೆಲ್ಲ ಗೊತ್ತಾಯಿತು, ಇವರು ಬೇರೆ ಥರ ಅಂತ. ನಾವೆಲ್ಲ ಕಾಂಪೌಂಡಿನಿಂದ ಕಾಂಪೌಂಡಿಗೆ ಮನೆ ಎಳೆದಿದ್ದೇವೆ, ಒಂದು ತುಳಸಿ ಗಿಡಕ್ಕೂ ಕುಂಡವೇ ಗತಿ. ಟೀಚರಕ್ಕ ಸೈಟಿನ ಅರ್ಧಕ್ಕೆ ಮನೆ ಕಟ್ಟಿ ಉಳಿದರ್ಧ ಬರಿ ಮಣ್ಣು ಬಿಟ್ಟರು. ಮೇಸ್ತ್ರಿ ಪಾಪ, “ಮೇಡಂ, ಹಿಂದೆ ಇನ್ನೊಂದು ಚಿಕ್ಕ ಮನೆ ಎತ್ತೋಣ, ಬಾಡಿಗೆ ಬರುತ್ತೆ” ಅಂದನಂತೆ. “ಬದ್ನೇಕಾಯಿ ಕೊಡ್ತದೆ ಬುಡಪ್ಪ ಬಾಡಿಗೆ, ನೀನು ಗೋಡೆ ನೆಟ್ಟಗೆ ಕಟ್ಟು” ಅಂದರಂತೆ ಇವರು.

ಆ ಹಿತ್ತಲನ್ನು ಅವರು ಚಳಿಗಾಲಕ್ಕೆ ಅಣಿ ಮಾಡುತ್ತಿದ್ದುದನ್ನು ನೋಡಬೇಕಿತ್ತು. ದೀಪಾವಳಿ ಮುಗಿದು, ಬೆಳಗಿನ ಹೊತ್ತು ಬೆಟ್ಟದ ನೆತ್ತಿ ಮಂಜಿನಲ್ಲಿ ಮುಚ್ಚಿಕೊಳ್ಳಲು ಶುರುವಾಯಿತೋ, ಟೀಚರಕ್ಕ ಸೀರೆ ಮೇಲೆ ಹಳೆಯ ಸ್ವೆಟರ್ ಏರಿಸಿ, ತಲೆಗೆ ಟವೆಲ್ ಸುತ್ತಿ, ಗುದ್ದಲಿ ಹಿಡಿಯುತ್ತಿದ್ದರು. ಮಣ್ಣನ್ನು ಅಗೆದು ಹೆಂಟೆ ಹೆಂಟೆಯಾಗಿ ತಿರುವಿ ಹಾಗೇ ಬಿಟ್ಟುಬಿಡುವುದು. ಒಡೆಯುವ ಹಾಗಿಲ್ಲ, ನೀರು ಹಾಕುವ ಹಾಗಿಲ್ಲ. “ಹಗ್ಲು ಬಿಸ್ಲು ಕುಡೀಲಿ, ರಾತ್ರಿ ಇಬ್ಬನಿ ಕುಡೀಲಿ. ಮಳೇಲಿ ನೆಂದೂ ನೆಂದೂ ಅದಕ್ಕೂ ಸಾಕಾಗಿರ್ತದೆ ಕಣಮ್ಮ” ಅನ್ನುತ್ತಿದ್ದರು. ಆಮೇಲೆ ಹೆಂಟೆಗಳು ತಾವಾಗಿಯೇ ಪುಡಿಯಾಗುವ ಹದಕ್ಕೆ ಬಂದಾಗ ಒಂದು ಟ್ರಾಲಿ ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ತರಿಸುತ್ತಿದ್ದರು. ಆಟದ ಮೈದಾನಕ್ಕೆ ಗೆರೆ ಹಾಕುವ ಹಗ್ಗವನ್ನು ಎಳೆದು ಮಡಿ ಅಳೆಯುತ್ತಿದ್ದರು. ಮಡಿಯ ಅಂಚು ಒಂಚೂರು ಸೊಟ್ಟವಾದರೂ ಮತ್ತೆ ಕೆಡವಿ ಕಟ್ಟುತ್ತಿದ್ದರು. ಬಚ್ಚಲ ನೀರಿಗೆ ಒಂದು ಕಾಲುವೆ, ಅದು ಮೊದಲು ಬದನೆ ಮಡಿಗೆ, ಅಲ್ಲಿಂದ ಚಕ್ಕೋತ ಸೊಪ್ಪಿಗೆ, ಮೆಂತ್ಯಕ್ಕೆ, ಕೊನೆಗೆ ಮೂಲಂಗಿಗೆ. ನಾನು ಒಂದು ದಿನ ಉಪಕಾರಕ್ಕೆ ಅಂತ ನಾಲ್ಕು ಹೆಂಟೆ ಒಡೆದು ಕೊಟ್ಟೆ. ಅದಕ್ಕೆ ಬೈಸಿಕೊಂಡದ್ದು ಈ ಜನ್ಮಕ್ಕೆ ಸಾಕು.

ಇನ್ನು ಕುರಿಯ ವಿಚಾರ. ಕುರಿ ಕಾಯುವವರು ಮಂದೆ ಹೊಡೆದುಕೊಂಡು ನಮ್ಮೂರ ಮೇಲೆ ಹಾದುಹೋಗುತ್ತಾರಲ್ಲ, ಹೊಲ ಇದ್ದವರು ಅವರನ್ನು ಕರೆದು ಒಂದು ರಾತ್ರಿ ಮಂದೆಯನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುವುದು ನಮ್ಮ ಸೀಮೆಯ ರೂಢಿ. ಕುರಿ ಮಲಗೆದ್ದ ನೆಲಕ್ಕೆ ಹಿಕ್ಕೆಯೂ ಸಿಗುತ್ತದೆ, ಗಂಜಲವೂ ಸಿಗುತ್ತದೆ. ಬೇರೆ ಗೊಬ್ಬರ ಬೇಡ. ಆದರೆ ಅದು ಹೊಲಕ್ಕೆ! ಟೀಚರಕ್ಕ ಒಂದು ಸಂಜೆ ಪಾವಗಡ ರಸ್ತೆಯಲ್ಲಿ ಹೋಗುತ್ತಿದ್ದ ಕುರಿಯವನನ್ನು ಅಡ್ಡಗಟ್ಟಿ, “ಇಕ್ಕಡೇ ಉಂಡ್ರಾ ನಾಯನಾ, ಇಲ್ಲೇ ನಿಲ್ಸು” ಅಂತ ಮಂದೆಯನ್ನು ಬಡಾವಣೆಯೊಳಕ್ಕೇ ನಡೆಸಿಕೊಂಡು ಬಂದರು. ಮುಂದೆ ಇವರು ವಿಷಲ್ ಊದಿಕೊಂಡು, ಹಿಂದೆ ಕುರಿಗಳು. ಟೈಲ್ಸು ಹಾಕಿದ ಗೇಟುಗಳ ಮುಂದೆ ಕುರಿ ಸಾಲಾಗಿ ಹೋಗುತ್ತಿದ್ದರೆ ಹೆಂಗಸರೆಲ್ಲ ಹೊರಗೆ ಬಂದು ಸೆರಗು ಮೂಗಿಗೆ ಹಿಡಿದು ನಿಂತರು.

ಎದುರುಮನೆಯವರು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ದೊಡ್ಡ ಹುದ್ದೆಯಲ್ಲಿದ್ದು ಬಂದವರು, ಈಗಲೂ ಇಸ್ತ್ರಿ ಪ್ಯಾಂಟು ಹಾಕಿಕೊಂಡೇ ಗಿಡಕ್ಕೆ ನೀರು ಬಿಡುವವರು. ಬೆಳಿಗ್ಗೆ ಮಂದೆ ಹೊರಡುವಾಗ ಎರಡು ಕುರಿ ಅವರ ಪೋರ್ಟಿಕೋಗೆ ನುಗ್ಗಿ ಕ್ರೋಟನ್ ಗಿಡಗಳನ್ನು ಬುಡದವರೆಗೆ ಮೇಯ್ದುಬಿಟ್ಟವು. ಅಧ್ಯಕ್ಷರು ಕೆಂಡವಾದರು. “ಇದು ಲೇಔಟಾ, ಹಟ್ಟಿಯಾ? ನಾಳೆ ನಮ್ಮ ಸೈಟುಗಳಿಗೆ ಯಾರು ಬೆಲೆ ಕೊಡ್ತಾರೆ?” ಅಂತ ಬೀದಿಯಲ್ಲೇ ನಿಂತು ಕೂಗಾಡಿದರು. ಟೀಚರಕ್ಕ ಸೊಂಟಕ್ಕೆ ಕೈಯಿಟ್ಟು, “ಸಾರ್, ನಿಮ್ಮ ಗಿಡಾನ ಇದುವರ್ಗೂ ಯಾರಾದ್ರೂ ಆಸೆಪಟ್ಟು ನೋಡಿದ್ರಾ? ಕುರಿ ನೋಡ್ತಲ್ಲ, ಸಂತೋಷಪಡಿ” ಅಂದರು. ಅಧ್ಯಕ್ಷರು ಪುರಸಭೆಗೆ ದೂರು ಕೊಟ್ಟರು. ಬಂದ ಸಿಬ್ಬಂದಿ ಟೀಚರಕ್ಕನ ಹಳೆಯ ಶಿಷ್ಯ. ದೂರಿನ ಮಾತು ಎತ್ತುವ ಮೊದಲೇ, “ಬೆನ್ನು ನೆಟ್ಟಗೆ ಮಾಡೋ, ಹೆಂಗ್ ನಿಂತಿದೀಯ ನೋಡು” ಅಂತ ಇವರು ಗದರಿದ್ದಕ್ಕೆ ಆತ ಅಟೆನ್ಷನ್ನಿನಲ್ಲಿ ನಿಂತು, ಕಾಫಿ ಕುಡಿದು ಹೋದ. ಅಂದಿನಿಂದ ಪ್ರತಿ ಚಳಿಗಾಲ ಕುರಿ ಬರುತ್ತಿತ್ತು, ಅಧ್ಯಕ್ಷರು ಗೇಟಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಈಗ ಆ ಫ್ಲೆಕ್ಸ್ ಕಟ್ಟಿಸಿದವರು ಈ ಅಧ್ಯಕ್ಷರೇ, ಗೊತ್ತಿರಲಿ.

ಇಷ್ಟೆಲ್ಲ ಒದ್ದಾಟ ಯಾತಕ್ಕೆ ಅಂದರೆ ಆ ಬದನೆಗೆ. ಉಳಿದ ಸೊಪ್ಪು ಸದೆ ಎಲ್ಲ ಅದರ ಜೊತೆಗೆ ಬಂದವು, ಅಷ್ಟೇ. ಗುಂಡಗಿನ ಕಾಯಿ, ಹಸಿರು ಮೈಮೇಲೆ ಬಿಳಿ ಗೀರು, ತೊಟ್ಟಿನ ತುಂಬ ಮುಳ್ಳು. ಎಣ್ಣೆಗಾಯಿ ಮಾಡಿದರೆ ಬೆಣ್ಣೆ. ಅವರ ಅವ್ವ ವಳ್ಳೂರು ಕಡೆ ಹೊಲದ ಬದುವಿನಲ್ಲಿ ಬೆಳೆಯುತ್ತಿದ್ದ ಬದನೆ ಅದು. ಅವ್ವ ಹೋದಮೇಲೆ ಹೊಲ ತಮ್ಮನಿಗೆ ಬಂತು. ತಮ್ಮ ಆ ಕಡೆಯವರೆಲ್ಲ ಮಾಡಿದ ಹಾಗೆ ಸೋಲಾರ್ ಕರೆಂಟಿನವರಿಗೆ ಗುತ್ತಿಗೆಗೆ ಕೊಟ್ಟ. ಟೀಚರಕ್ಕನಿಗೆ ಅದರ ಬಗ್ಗೆ ಬೇಜಾರೇನೂ ಇರಲಿಲ್ಲ. “ಅಲ್ಲಿ ಮಳೇನೇ ಇರ್ಲಿಲ್ಲ ಕಣಮ್ಮ, ಬಿಸ್ಲೊಂದೇ ಇದ್ದಿದ್ದು. ಇದ್ದಿದ್ದನ್ನ ಮಾರ್ಕಂಡ, ಉಂಡ್ಕಂಡಿರ್ಲಿ ಪಾಪ” ಅನ್ನುತ್ತಿದ್ದರು. ಆದರೆ ಹೊಲದ ಜೊತೆ ಬದುವೂ ಹೋಯಿತು, ಬದುವಿನ ಜೊತೆ ಬದನೆ ಹೋಗುವುದರಲ್ಲಿತ್ತು. ಒಂದಷ್ಟು ಬೀಜ ಸೆರಗಿಗೆ ಕಟ್ಟಿಕೊಂಡು ಬಂದು ಇಲ್ಲಿ ಹಾಕಿದರು. ಅದಕ್ಕೇ ಅವರಿಗೆ ಮಣ್ಣಿನ ಹಿತ್ತಲು ಬೇಕಿತ್ತು. ಮೇಸ್ತ್ರಿಗೆ ಬದನೆಕಾಯಿ ಬಾಡಿಗೆ ಕೊಡುತ್ತದೆ ಅಂದದ್ದು ತಮಾಷೆಗಲ್ಲ.

ಬೀಜ ಉಳಿಸುವ ರೀತಿಯೂ ಅವರ ಅವ್ವನದೇ. ಒಳ್ಳೆಯ ಗಿಡ ನೋಡಿ ಒಂದೆರಡು ಕಾಯಿಗೆ ಕೆಂಪು ಬಟ್ಟೆ ಚೂರು ಕಟ್ಟುವುದು. ಅದು ಬೀಜಕ್ಕೆ ಬಿಟ್ಟ ಕಾಯಿ, ಯಾರೂ ಮುಟ್ಟಬಾರದು. ಗಿಡದಲ್ಲೇ ಹಳದಿಯಾಗಿ ಹಣ್ಣಾದ ಮೇಲೆ ಕಿತ್ತು, ಬೀಜ ತೊಳೆದು ನೆರಳಲ್ಲಿ ಆರಿಸಿ, ಬೂದಿ ಬೆರೆಸಿದ ಸಗಣಿಗೆ ಕಲೆಸಿ, ಪುಟ್ಟ ಬೆರಣಿಯ ಹಾಗೆ ಹಿತ್ತಲ ಗೋಡೆಗೆ ಬಡಿಯುವುದು. ಸಜ್ಜದ ಕೆಳಗೆ, ಮಳೆ ತಾಗದ ಕಡೆ. ಹುಳ ಮುಟ್ಟುವುದಿಲ್ಲ, ಇರುವೆ ಒಯ್ಯುವುದಿಲ್ಲ. ಮಾರ್ಗಶಿರದ ಷಷ್ಠಿ ಹಬ್ಬ ಕಳೆದ ಮೇಲೆ ಅವನ್ನು ಗೋಡೆಯಿಂದ ಬಿಡಿಸಿ, ನೀರಲ್ಲಿ ನೆನೆಹಾಕಿ, ಸಸಿ ಎಬ್ಬಿಸುವ ಒಟ್ಲು ಪಾತಿಗೆ ಬಿತ್ತುತ್ತಿದ್ದರು. ಡಬ್ಬಿಯಲ್ಲಿ ಇಡಬಹುದಲ್ಲ ಅಂತ ನಾನೊಮ್ಮೆ ಕೇಳಿದೆ. “ಡಬ್ಬಿ ಕಳ್ದೋಗ್ತದೆ, ಗೋಡೆ ಎಲ್ಲೋಗ್ತದೆ?” ಅಂದರು.

ಹೋದ ಚಳಿಗಾಲ ಮಣ್ಣು ಬಿಸಿಲು ಕುಡಿದಾಗಿತ್ತು, ಗೋಡು ಹರಡಿಯಾಗಿತ್ತು, ಕುರಿಯೂ ಬಂದು ಹೋಗಿತ್ತು. ಷಷ್ಠಿ ಇನ್ನೂ ಬಂದಿರಲಿಲ್ಲ. ಬಚ್ಚಲ ಕಾಲುವೆ ತಿರುಗಿಸಲು ಹೋಗಿ ಟೀಚರಕ್ಕ ಜಾರಿ ಬಿದ್ದರು. ಬಿದ್ದಲ್ಲಿಂದಲೇ ವಿಷಲ್ ಊದಿದರು, ನಾನು ಹೋದೆ. ಸೊಂಟದ ಮೂಳೆ ಮುರಿದಿತ್ತು. ತಮ್ಮನ ಮಗ ಬಂದು ತುಮಕೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದ. ನಮ್ಮೂರಲ್ಲೇ ಟೈಲ್ಸು ಪೇಂಟಿನ ಅಂಗಡಿ ಇಟ್ಟಿರುವ ಹುಡುಗ. ಹುಡುಗ ಅಂದರೆ ಅವನಿಗೂ ಮಕ್ಕಳಿದ್ದಾರೆ, ಆದರೆ ಟೀಚರಕ್ಕನಿಗೆ ಅವನು ಯಾವತ್ತಿದ್ದರೂ ‘ಲೇ’. ಕೆಟ್ಟವನಲ್ಲ, ಅದನ್ನು ಹೇಳಲೇಬೇಕು. ಆಪರೇಷನ್ ಆದ ದಿನದಿಂದ ಅತ್ತೆಯ ಮಂಚದ ಪಕ್ಕದಲ್ಲೇ ಇದ್ದ. ಊಟ ಮಾಡಿಸಿದ, ತಲೆ ಬಾಚಿದ, ಬೈಸಿಕೊಂಡ. ಮನೆಗೆ ಕಳುಹಿಸಲು ಇನ್ನೂ ಎರಡು ವಾರ ಇರುವಾಗಲೇ ಡಾಕ್ಟರು ಅವನನ್ನು ಕರೆದು, ಮನೆಯ ನೆಲ ಸಮ ಇರಬೇಕು, ಜಾರಬಾರದು, ಇನ್ನೊಂದು ಸಲ ಬಿದ್ದರೆ ಕಷ್ಟ ಅಂದರಂತೆ.

ಆಮೇಲೆ ನಡೆದದ್ದು ನಾನು ಮಗಳ ಮನೆಗೆ ಬಾಣಂತನಕ್ಕೆ ಹೋಗಿದ್ದಾಗ. ಇದ್ದಿದ್ದರೆ ಗೋಡೆಗೆ ಅಡ್ಡ ಮಲಗುತ್ತಿದ್ದೆ. ಡಾಕ್ಟರು ಹೇಳಿದ್ದನ್ನು ಟೀಚರಕ್ಕನ ಈ ಸೋದರಳಿಯ ತಲೆಗೆ ತೆಗೆದುಕೊಂಡ. ಬಡಾವಣೆಯ ಜನ ಸೇರಿಕೊಂಡರು. ಅಧ್ಯಕ್ಷರಂತೂ ಬೆಳಿಗ್ಗೆ ಸಂಜೆ ಬಂದು ನಿಂತು ಕೆಲಸ ಮಾಡಿಸಿದರಂತೆ, “ಅವರು ಬರೋದರೊಳಗೆ ಮುಗಿಸಿಬಿಡಪ್ಪ, ಸರ್ಪ್ರೈಸ್ ಕೊಡೋಣ” ಅಂತ. ಮಡಿಗಳನ್ನೆಲ್ಲ ತುಳಿದು ಸಮ ಮಾಡಿ ಹಿತ್ತಲ ತುಂಬ ಕಾಂಕ್ರೀಟ್ ಹಾಕಿದರು. ಹಿಡಿದುಕೊಂಡು ಓಡಾಡಲು ಸ್ಟೀಲ್ ಕಂಬಿ. ಗೋಡೆಗೆ ಅಂಟಿದ ‘ಗಲೀಜನ್ನೆಲ್ಲ’ ಕೆರೆದು ಎರಡು ಕೋಟು ಪೇಂಟು. ಹಳ್ಳಿಯಲ್ಲಿ ಹುಟ್ಟಿದವನು, ಅಜ್ಜಿ ಗೋಡೆಗೆ ಬೀಜ ಬಡಿಯುವುದನ್ನು ನೋಡಿಯೇ ಬೆಳೆದವನು, ಅವನಿಗೂ ಹೊಳೆಯಲಿಲ್ಲ ನೋಡಿ! ಪೇಂಟ್ ಅಂಗಡಿ ಇಟ್ಟವನ ಕಣ್ಣಿಗೆ ಗೋಡೆ ಮೇಲಿನ ಸಗಣಿ ಬರೀ ಸಗಣಿಯಾಗಿ ಕಂಡಿತು.

ಟೀಚರಕ್ಕ ಬರುವ ದಿನಕ್ಕೆ ನಾನು ವಾಪಸಾಗಿದ್ದೆ. ಬಾಗಿಲಿಗೆ ತೋರಣ ಕಟ್ಟಿದ್ದರು. ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾ ಅವರು ಹಿತ್ತಲ ಬಾಗಿಲಿಗೆ ಬಂದರು. “ನೋಡತ್ತೆ, ಇನ್ನು ಕೆಸರಿಲ್ಲ, ಹುಲ್ಲಿಲ್ಲ. ಕಣ್ಣು ಮುಚ್ಕಂಡು ಓಡಾಡಬಹುದು” ಅಂದ ಅಳಿಯ, ಮುಖವೆಲ್ಲ ನಗು. ಟೀಚರಕ್ಕ ನೆಲ ನೋಡಲೇ ಇಲ್ಲ. ಗೋಡೆ ನೋಡಿದರು.

“ಲೇ, ಇಲ್ಲಿದ್ದ ಬೆರಣಿ ಎಲ್ಲೋ?”

“ಯಾವ ಬೆರಣಿ? ಓ, ಅದಾ! ಎಲ್ಲ ಕೆರೆಸಿ ಹಾಕ್ಸಿದೆ ಅತ್ತೆ. ಪುರಸಭೆ ಗಾಡಿಗೆ ಹೋಯ್ತು.”

“ಎವರು ಚೆಪ್ಪಿನಾರ್ರಾ ನೀಕು? ಯಾರು ಹೇಳಿದ್ರೋ ನಿಂಗೆ? ಯಾರನ್ನ ಕೇಳಿ ಕೈ ಹಾಕ್ದೆ ಗೋಡೆಗೆ?” ಅದು ಮೈದಾನದ ದನಿಯಲ್ಲ. “ಅವು ಬೀಜ ಕಣೋ! ನಿಮ್ಮಜ್ಜಿ ಬದ್ನೆ ಬೀಜ! ಸಗಣಿ ಅಂತ ಕೆರ್ದಾಕ್ದೇನೋ? ನೀನು ಆ ಬದ್ನೆ ತಿಂದೇ ಬೆಳ್ದೋನಲ್ವೇನೋ?” ವಾಕರನ್ನು ಎತ್ತಿ ಸಿಮೆಂಟಿಗೆ ಕುಟ್ಟಿದರು. ಅಳಿಯನಿಗೆ ಆಗ ಅರ್ಥವಾಯಿತು. ಅವನ ಮುಖದ ನಗು ಎಲ್ಲಿ ಹೋಯಿತೋ, ಗೋಡೆ ಕಡೆ ತಿರುಗಿ ಅಂಗೈಯಿಂದ ಪೇಂಟು ತಡವಿ ನೋಡಿದ. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತ.

ಬಡಾವಣೆ ಏನಂದಿತು ಗೊತ್ತೇ? “ಎಂಥ ಕೃತಘ್ನ ಹೆಂಗಸು! ಹೆತ್ತ ಮಗನಿಗಿಂತ ಹೆಚ್ಚಾಗಿ ನೋಡಿಕೊಂಡ ಹುಡುಗನ್ನ ಎಲ್ಲರೆದುರು ಹೀಗಾ ಬೈಯೋದು? ಒಂದು ಹಿಡಿ ಬದನೆ ಬೀಜಕ್ಕೆ?” ಅಧ್ಯಕ್ಷರು ಅಂದದ್ದು ನನ್ನ ಕಿವಿಯಾರೆ ಕೇಳಿದ್ದೇನೆ, “ವಯಸ್ಸಾಯ್ತು, ತಲೆ ಕೆಟ್ಟಿದೆ. ಅಂಗಡೀಲಿ ಪಾಕೀಟು ಸಿಗಲ್ವಾ?” ಅಂತ. ಅವರ ಮನೆಯ ಕ್ರೋಟನ್ ಹೋದಾಗ ಪುರಸಭೆಯವರೆಗೆ ಹೋದ ಮನುಷ್ಯ! ನೆರವು ಮಾಡುವ ಮೊದಲು ಒಂದು ಮಾತು ಕೇಳಿದರೆ ಇವರಿಗೆ ಏನು ಬಾಯಿ ಸವೆಯುತ್ತಿತ್ತಾ? ಆಸ್ಪತ್ರೆಯಲ್ಲಿ ಮಲಗಿದ್ದವರ ಸೊಂಟ ಮುರಿದಿತ್ತು, ನಾಲಿಗೆ ಮುರಿದಿರಲಿಲ್ಲವಲ್ಲ. ಒಂದು ಫೋನು ಮಾಡಿದ್ದರೆ ಸಾಕಿತ್ತು. ಕೇಳಲಿಲ್ಲ, ಯಾಕಂದರೆ ಕೇಳಿದರೆ ಬೇಡ ಅನ್ನುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ನನ್ನ ಸಿಟ್ಟು ಇರುವುದು ಅಲ್ಲಿ.

ಅಳಿಯ ಮಾತ್ರ ಮರುದಿನವೇ ಆಳುಗಳನ್ನು ಕರೆತಂದು ಹಾರೆಯಲ್ಲಿ ಕಾಂಕ್ರೀಟು ಒಡೆಸಿದ. ಟೀಚರಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಚಳಿಗೆ ಕಂಬಳಿ ಹೊದ್ದು, ಎಲ್ಲ ಮೊದಲಿನಿಂದ ಶುರುಮಾಡಿದರು. ಸಿಮೆಂಟಿನ ಚೂರು ಒಂದೂ ಉಳಿಯಬಾರದು ಅಂತ ಜರಡಿ ಹಿಡಿಸಿದರು. ಮತ್ತೆ ಅಗೆತ, ಮತ್ತೆ ಬಿಸಿಲು, ಮತ್ತೆ ಹಗ್ಗ ಎಳೆದು ಮಡಿ. ಅಳಿಯ ಅಂಗಡಿ ಬಾಗಿಲು ತೆಗೆಯುವ ಮುಂಚೆ ಬಂದು ಗುದ್ದಲಿ ಹಿಡಿಯುತ್ತಿದ್ದ. ಅವನು ತಂದ ತಿಂಡಿ ತಿನ್ನುತ್ತಾ ಅವನನ್ನೇ ಬೈಯುತ್ತಿದ್ದರು, “ಲೇ, ಹೆಂಗ್ ಹಿಡ್ದಿದೀಯ ನೋಡು, ಗುದ್ಲಿನೂ ಪೇಂಟ್ ಬ್ರಷ್ ಅನ್ಕಂಡ್ಯಾ?” ಅವನು ಹಿಡಿ ಬದಲಿಸಿ ಮತ್ತೆ ಅಗೆಯುತ್ತಿದ್ದ.

ಮಣ್ಣೇನೋ ಸಿದ್ಧವಾಯಿತು. ಬೀಜ? ಟೀಚರಕ್ಕ ಎದೆಗುಂದಲಿಲ್ಲ. “ಎಷ್ಟು ಜನಕ್ಕೆ ಕೊಟ್ಟಿದೀನಿ ನಾನು! ಯಾರ ಹತ್ರನಾದ್ರೂ ಇದ್ದೇ ಇರ್ತದೆ. ನಡಿ ಪೋಸ್ಟಮ್ಮ” ಅಂದರು. ನಿಜ, ಅವ್ವ ಇದ್ದಾಗಿನಿಂದಲೂ ಕೆಲಸ ಮಾಡಿದ ಊರಲ್ಲೆಲ್ಲ ಆ ಬೀಜ ಹಂಚಿದ್ದರು. ವಾಕರ್ ಬಿಟ್ಟು ಕೋಲಿಗೆ ಬಂದ ಮೇಲೆ ಇಬ್ಬರೂ ಬಸ್ಸು ಹತ್ತಿದೆವು. ಮೊದಲು ಕೊರಟಗೆರೆ. ಅಲ್ಲಿನ ಶಿಷ್ಯೆ ಕಾಲಿಗೆ ಬಿದ್ದಳು, ಕಾಫಿ ಕೊಟ್ಟಳು, ಮೊಬೈಲಲ್ಲಿ ಫೋಟೊ ತೆಗೆದುಕೊಂಡಳು. ಬೀಜ ಅಂದರೆ, “ಅಯ್ಯೋ ಮಿಸ್, ಈಗೆಲ್ಲ ಸಸಿನೇ ತಂದು ನೆಡೋದು” ಅಂದಳು. ತಾವರೆಕೆರೆಯಲ್ಲಿ ಹಳೆಯ ಹೆಡ್‌ಮಾಸ್ಟರು, “ಆ ಬದನೆ ರುಚಿ ಇನ್ನೂ ನಾಲಿಗೆ ಮೇಲಿದೆ ಮೇಡಂ” ಅಂತ ಕಣ್ಣು ಮುಚ್ಚಿ ವರ್ಣಿಸಿದರು. ನಾಲಿಗೆ ಮೇಲೆ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ಶಿರಾದಲ್ಲಿ ಟೀಚರಕ್ಕನಿಗೆ ತುಂಬ ಬೇಕಾದವರೊಬ್ಬರಿದ್ದರು, ಜೊತೆಗೆ ಕೆಲಸ ಮಾಡಿದ ಟೀಚರ್, ಎಲ್ಲರಿಗೂ ‘ಆಪಾ’. ಅವರ ಮನೆಯ ಮೇಲೆ ಚಂದದ ತೋಟವೇ ಇದೆ. ನಮಗೆ ಪೂರ್ತಿ ನಂಬಿಕೆ ಅವರ ಮೇಲೆ. ಆಪಾ ವಿಷಯ ಕೇಳಿ ಹಣೆ ಹಣೆ ಬಡಿದುಕೊಂಡರು. “ಯಾ ಅಲ್ಲಾ! ಮೂರು ವರ್ಷ ಬೆಳೆದಿದೀನಿ ನಾನು ಅದನ್ನ. ಆಮೇಲೆ ಒಂದು ಸಲ ಮನೆ ತುಂಬ ನೆಂಟರು, ದಾವತ್ತು. ಇದ್ದ ಕಾಯೆಲ್ಲ ಕಿತ್ತು ಮಾಡಿಬಿಟ್ಟೆವು. ಒಂದೂ ಹಣ್ಣಾಗೋಕೆ ಬಿಡಲಿಲ್ಲ ಕಣಕ್ಕ.”

“ಒಂದು ಕಾಯಿ ಬಿಡಕ್ಕಾಗ್ಲಿಲ್ವಾ? ಒಂದೇ ಒಂದು?” ಅಂದರು ಟೀಚರಕ್ಕ. ಆಪಾ ತಲೆ ತಗ್ಗಿಸಿದರು. ಇವರು ಅವರಿಗೂ ಬೈದರು, ಬೈಯುತ್ತಲೇ ಅವರು ಬಡಿಸಿದ ಬಿರಿಯಾನಿ ತಿಂದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವರು ಮಧುಗಿರಿ ಬರುವವರೆಗೂ ಒಂದು ಮಾತಾಡಲಿಲ್ಲ. ಮಿತಭಾಷಿ ಅಂತ ಬರೆದಿದ್ದಾರಲ್ಲ, ನಾನು ನೋಡಿದ್ದು ಅವತ್ತೊಂದೇ ದಿನ. ನನಗೆ ಅಳು ಬಂತು, ಅವರಿಗೆ ಕಾಣದ ಹಾಗೆ ಒರೆಸಿಕೊಂಡೆ.

ಅಳಿಯ ಒಂದು ದಿನ ಬೀಜದಂಗಡಿಯ ಪಾಕೀಟು ತಂದ. ಟೀಚರಕ್ಕ ಅದನ್ನು ತಿರುವಿ ನೋಡಿ ಅವನ ಜೇಬಿಗೇ ತುರುಕಿದರು. ಚಕ್ಕೋತ, ಮೆಂತ್ಯ, ಮೂಲಂಗಿ ಎಲ್ಲ ಅವುಗಳ ಜಾಗದಲ್ಲಿ ಚಿಗುರಿ ನಿಂತವು. ಬದನೆಯ ಮಡಿ ಮಾತ್ರ ಬರಿದು. ಹದವಾದ ಕಪ್ಪು ಮಣ್ಣು, ಅಂಚು ನೆಟ್ಟಗೆ, ಒಂದು ಕಳೆಯಿಲ್ಲ. ಮೂಲಂಗಿಯನ್ನಾದರೂ ಹಾಕಬಹುದಲ್ಲ ಅಂದೆ. “ಅದು ಬದ್ನೆ ಜಾಗ” ಅಂದರು. ದಿನವೂ ಅದಕ್ಕೆ ನೀರು ಬಿಡುತ್ತಿದ್ದರು. ಹೋಗುವ ಬರುವವರು ಕಾಂಪೌಂಡಿನಾಚೆಯಿಂದ ನೋಡಿ ಮುಸಿಮುಸಿ ನಗುತ್ತಿದ್ದರು. ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟಲು ಶುರುವಾದಾಗ ಒಂದು ಮಧ್ಯಾಹ್ನ ಟೀಚರಕ್ಕ ಊಟ ಮಾಡಿ ಮಲಗಿದವರು ಏಳಲಿಲ್ಲ. ಬೆಳಿಗ್ಗೆ ತಾನೇ ಅಳಿಯನನ್ನು ಬೈದಿದ್ದರು.

ಮಣ್ಣು ಮಾಡಿದ್ದು ಅವರ ಹಳ್ಳಿಯಲ್ಲಿ, ಊರಾಚೆಯ ಸ್ಮಶಾನದಲ್ಲಿ. ಸ್ವಂತ ಹೊಲದಲ್ಲಿ ಮಾಡೋಣವೆಂದರೆ ಅಲ್ಲಿ ಜಾಗವಿಲ್ಲ, ತಂತಿ ಬೇಲಿಯವರೆಗೂ ಸೋಲಾರ್ ಫಲಕ. ಮೂರನೆಯ ದಿನ ಹಾಲು ತುಪ್ಪ ಬಿಡಲು ನಾನೂ ಹೋದೆ. ಅಧ್ಯಕ್ಷರು ಕಾರು ಮಾಡಿಕೊಂಡು ಬಂದಿದ್ದರು, ಬಡಾವಣೆಯ ಇನ್ನೂ ನಾಲ್ಕು ಜನರನ್ನು ಕೂರಿಸಿಕೊಂಡು. ಗುಡ್ಡೆ ಮಣ್ಣಿನ ಮುಂದೆ ಬಾಳೆಎಲೆ ಹಾಕಿ ಎಡೆ ಇಟ್ಟರು. ಮುದ್ದೆ, ಅನ್ನ, ಒಂದು ಲೋಟ ಕಾಫಿ. ನಡುವೆ ಎಣ್ಣೆಗಾಯಿ. “ಟೀಚರಿಗೆ ಬದನೆ ಅಂದ್ರೆ ಪ್ರಾಣ ಅಲ್ವಾ, ಅದಕ್ಕೇ ಹೇಳಿ ಮಾಡಿಸಿದೆ” ಅಂದರು ಅಧ್ಯಕ್ಷರು. ಮಾರ್ಕೆಟ್ಟಿನ ನೇರಳೆ ಬದನೆ, ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು. ನನ್ನ ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ಹಿಡಿದುಕೊಂಡೆ.

ಎಲ್ಲರೂ ದೂರ ಸರಿದು ಕಾಗೆಗೆ ಕಾದೆವು. ನಮ್ಮಲ್ಲಿ ಕಾಗೆ ಎಡೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಕೊರಗು ಉಳಿದಿದೆ ಅಂತ. ಆಗ ಮನೆಯವರು ಕೈಮುಗಿದು ಒಂದೊಂದೇ ಮಾತು ಕೊಡುತ್ತಾರೆ, ತಪ್ಪಾಯಿತು ಅನ್ನುತ್ತಾರೆ, ಕಾಗೆ ಬರುವವರೆಗೂ. ನಾನು ಅದಕ್ಕೇ ಕಾದಿದ್ದೆ ಅಂತ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬರಬೇಡ, ಇವತ್ತು ಬರಲೇಬೇಡ, ಈ ಜನ ಒಬ್ಬೊಬ್ಬರೂ ಬಾಯಿಬಿಟ್ಟು ತಪ್ಪಾಯಿತು ಅನ್ನಲಿ ಅಂತ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಹಾಗೆ ಬೇಡುತ್ತಿರುವಾಗಲೇ ಸೋಲಾರ್ ಫಲಕದ ಅಂಚಿನಿಂದ ಒಂದು ಕಾಗೆ ಎದ್ದು ಬಂದು, ನೇರವಾಗಿ ಎಣ್ಣೆಗಾಯಿಗೇ ಬಾಯಿ ಹಾಕಿ, ಒಂದು ಹೋಳು ಕಚ್ಚಿಕೊಂಡು ಹಾರಿತು.

“ಮುಟ್ತು, ಮುಟ್ತು!” ಅಂದರು ಎಲ್ಲರೂ. ಅಧ್ಯಕ್ಷರು ಉಸಿರು ಬಿಟ್ಟು ಕೈ ಮುಗಿದರು. “ನೋಡಿ, ಏನೂ ಕೊರಗಿಲ್ಲ ಪುಣ್ಯಾತ್ಗಿತ್ತಿಗೆ. ನೆಮ್ಮದಿಯಾಗಿ ಹೋಗಿದ್ದಾರೆ.”

“ಹಸಿದಿತ್ತು ಕಣ್ರೀ ಕಾಗೆ!” ಅಂದುಬಿಟ್ಟೆ. “ಈ ಬಿಸಿಲಲ್ಲಿ ಅದಕ್ಕೆ ಏನು ಸಿಗುತ್ತೆ ಇಲ್ಲಿ? ಅದು ತಿಂದರೆ ನಿಮ್ಮ ತಪ್ಪೆಲ್ಲ ಮಾಫಾ?” ವಯಸ್ಸಾದ ಹೆಂಗಸು, ದುಃಖದಲ್ಲಿ ಮಾತಾಡುತ್ತಿದ್ದಾಳೆ ಅನ್ನುವ ಮುಖ ಮಾಡಿಕೊಂಡು ಎಲ್ಲರೂ ಊಟದ ಕಡೆ ಹೊರಟರು. ಅಳಿಯ ಮಾತ್ರ ನಿಂತಲ್ಲೇ ನಿಂತಿದ್ದ. ಅವನ ಬೋಳಿಸಿದ ತಲೆಯ ಮೇಲೆ ಬೆವರು ಇಳಿಯುತ್ತಿತ್ತು.

“ಅಮ್ಮ, ನೀವು ಹೇಳಿ. ಅತ್ತೆಗೆ ನನ್ ಮೇಲಿನ ಸಿಟ್ಟು ಹೋಗಿರ್ತದಾ?”

ಹೋಗಿರುತ್ತೆ ಕಣಪ್ಪ ಅನ್ನುವುದು ಎಷ್ಟು ಸುಲಭವಿತ್ತು. ಬಾಯಿಗೂ ಬಂತು. ಆದರೆ ಅಷ್ಟು ಜನ ಸೇರಿ ಆಗಲೇ ಆ ಸುಳ್ಳನ್ನು ಹೇಳಿಯಾಗಿತ್ತು.

“ಇಲ್ಲಪ್ಪ, ಹೋಗಿರಲ್ಲ” ಅಂದೆ.

ಅವನು ತಲೆಯಾಡಿಸಿದ. ಎಡೆಯ ಮುಂದೆ ಮಂಡಿಯೂರಿ ಕೂತು ಎರಡೂ ಕೈಯನ್ನು ಆ ಹಸಿ ಮಣ್ಣಿನ ಮೇಲೆ ಇಟ್ಟ. “ಬಯ್ಯಿ ಅತ್ತೆ” ಅಂದ. “ಬಯ್ಯಿ.”